ಅಪ್ಪ ಅಮ್ಮ ಫ್ಲಾರಿಡಾಕ್ಕೆ ಹೊರಟಿದ್ದಾರೆ, ಆ ಕಡಲ ತೀರದಲ್ಲಿ ನೋಡಲೇಬೇಕಾದ ಹಳೆ ಕೋಟೆಗಳು ಯಾವುವು?

ಭದ್ರಾನಾಲೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ಭಾವ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದಾರೆ. ಅಪ್ಪ ಅಮ್ಮ ಅಕ್ಟೋಬರ್ ಕೊನೆಗೆ ಅಲ್ಲಿಗೆ ಹೊರಟಿದ್ದಾರೆ. ವೀಸಾ, ಟಿಕೆಟ್ ಎಲ್ಲ ಆಗಿದೆ. ಅಕ್ಕ ತೋರಿಸಬೇಕಾದ ಜಾಗಗಳ ಪಟ್ಟಿ ಕಳಿಸಿದ್ದಾಳೆ. ಡಿಸ್ನಿ ಇದೆ, ಬೀಚ್ ಇದೆ, ಮಾಲ್ ಇದೆ. ಅಪ್ಪ ಅದನ್ನು ಓದಿ, ಮಡಚಿಟ್ಟು, "ಹಳೇದು ಏನೂ ಇಲ್ವೇನಪ್ಪ ಅಲ್ಲಿ" ಅಂದರು.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಪ್ರತಿ ವರ್ಷ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂದೊಂದು ಬಾಗಿಲ ಹತ್ತಿರವೂ ನಿಲ್ಲಿಸಿ, ಇಲ್ಲಿ ದಾರಿ ಯಾಕೆ ತಿರುಗುತ್ತೆ, ಈ ಕಿಂಡಿ ಯಾಕೆ ಇಷ್ಟು ಎತ್ತರದಲ್ಲಿದೆ ಅಂತ ಮಕ್ಕಳ ಬಾಯಿಂದಲೇ ಹೇಳಿಸುತ್ತಿದ್ದರು. ಅಂಥ ಮನುಷ್ಯನನ್ನು ಅಷ್ಟು ದೂರ ಕಳಿಸಿ ಮಾಲ್ ತೋರಿಸಿ ವಾಪಸ್ ಕರೆಸೋದು ನನಗೆ ಸರಿ ಅನಿಸುತ್ತಿಲ್ಲ.

ನಾನು ಕೇಳುವುದು ಇಷ್ಟು. ಜಾಕ್ಸನ್‌ವಿಲ್ ಸುತ್ತಮುತ್ತ ನಿಜಕ್ಕೂ ಹಳೆಯದು, ನೋಡೋಕೆ ಯೋಗ್ಯವಾದದ್ದು ಏನಿದೆ? ಭಾವ ಕಾರ್ ಓಡಿಸಲು ರೆಡಿ. ಜಾರ್ಜಿಯಾ, ಸೌತ್ ಕ್ಯಾರೊಲೈನಾವರೆಗೂ ಹೋಗಿಬರಬಹುದು ಅಂದಿದ್ದಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಹೋಗುವ ಮೊದಲು ಅಪ್ಪ ಏನಾದರೂ ತಿಳಿದುಕೊಂಡಿದ್ದರೆ ಒಳ್ಳೆಯದು ಅನ್ನುವಂಥದ್ದಿದ್ದರೆ ಅದನ್ನೂ ಹೇಳಿ. ಹೋಗಿ ಬಂದವರು ಬರೆದರೆ ಉಪಕಾರ.

ಜೋಗಿಮಟ್ಟಿ, ಚಿತ್ರದುರ್ಗ

ನಿಮ್ಮ ಅಪ್ಪನಿಗೆ ಮೊದಲು ಇದನ್ನು ಹೇಳಿ. ಜಾಕ್ಸನ್‌ವಿಲ್‌ನಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ ಹೋದರೆ ಸೇಂಟ್ ಅಗಸ್ಟೀನ್ ಅನ್ನುವ ಊರಿದೆ. ಸ್ಪೇನಿನ ಮೆನೆಂಡೆಸ್ ಅದನ್ನು ಸ್ಥಾಪಿಸಿದ್ದು 1565ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಜನವರಿಯಲ್ಲಿ ನಮ್ಮಲ್ಲಿ ತಾಳಿಕೋಟೆ ಯುದ್ಧ ನಡೆದು ವಿಜಯನಗರ ಬಿತ್ತು. ಹಂಪಿ ಹಾಳಾದ ವರ್ಷವೇ ಹುಟ್ಟಿದ ಊರು ಅದು. ಆವತ್ತಿನಿಂದ ಇವತ್ತಿನವರೆಗೂ ಜನ ಬಿಡದೆ ಬದುಕಿದ್ದಾರೆ. ಅಮೆರಿಕದ ಮುಖ್ಯ ಭೂಮಿಯಲ್ಲಿ ಯುರೋಪಿನವರು ಕಟ್ಟಿ ಉಳಿದ ಊರುಗಳಲ್ಲಿ ಇದೇ ಅತಿ ಹಳೆಯದು. ಇಂಗ್ಲಿಷರು ಜೇಮ್ಸ್‌ಟೌನ್‌ಗೆ ಬಂದಿದ್ದು 1607ರಲ್ಲಿ, ಇನ್ನೂ 42 ವರ್ಷ ಆದ ಮೇಲೆ.

ಅಲ್ಲಿರುವ ಕೋಟೆ ಕಾಸ್ಟಿಯೊ ದೆ ಸಾನ್ ಮಾರ್ಕೋಸ್. ನಾನು ಕೆಲಸದ ಮೇಲೆ ಜಾಕ್ಸನ್‌ವಿಲ್‌ನಲ್ಲಿದ್ದಾಗ ಊರಿನಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ದೂರದಿಂದ ನೋಡಿದರೆ ನಮ್ಮ ಕಡೆಯವರಿಗೆ ಏನೂ ಅನಿಸುವುದಿಲ್ಲ. ಬೆಟ್ಟ ಇಲ್ಲ, ಬಂಡೆ ಇಲ್ಲ, ಸಪಾಟಾದ ಹುಲ್ಲುಹಾಸಿನ ಮೇಲೆ ಬೂದು ಬಣ್ಣದ ಗೋಡೆ. ಹತ್ತಿರ ಹೋಗಿ ಗೋಡೆ ನೋಡಬೇಕು. ಅದು ಕಲ್ಲೇ, ಆದರೆ ಪೂರ್ತಿ ಚಿಪ್ಪಿನದು. ಸಣ್ಣ ಸಣ್ಣ ಸಮುದ್ರದ ಚಿಪ್ಪುಗಳು ಸಾವಿರಾರು ವರ್ಷ ಒಂದರ ಮೇಲೊಂದು ಬಿದ್ದು, ಕಡಲೆ ಚಿಕ್ಕಿಯ ಹಾಗೆ ಅಂಟಿಕೊಂಡು ಕಲ್ಲಾಗಿವೆ. ಕೊಕೀನಾ ಅನ್ನುತ್ತಾರೆ. ಎದುರಿನ ಅನಸ್ತೇಶಿಯಾ ದ್ವೀಪದಲ್ಲಿ ಅದರ ಗಣಿ. ನೆಲದಿಂದ ಕಡಿದಾಗ ಮೆತ್ತಗೆ ಒದ್ದೆಯಾಗಿರುತ್ತಿತ್ತಂತೆ. ಒಣಗಿ ಗಟ್ಟಿಯಾಗಲಿ ಅಂತ ವರ್ಷಗಟ್ಟಲೆ ಬಿಟ್ಟು ಆಮೇಲೆ ದೋಣಿಯಲ್ಲಿ ತಂದು ಕಟ್ಟಿದ್ದಾರೆ. ಗಾರೆಯೂ ಚಿಪ್ಪಿನದೇ, ಸಿಂಪಿ ಚಿಪ್ಪು ಸುಟ್ಟು ಮಾಡಿದ ಸುಣ್ಣ.

ಮೊದಲು ಅಲ್ಲಿ ಮರದ ಕೋಟೆಗಳಿದ್ದವು. ಒಂದಾದ ಮೇಲೊಂದು ಕಟ್ಟುವುದು, ಕೊಳೆಯುವುದು, ಸುಟ್ಟುಹೋಗುವುದು. 1668ರಲ್ಲಿ ಇಂಗ್ಲಿಷ್ ಕಡಲುಗಳ್ಳರು ರಾತ್ರಿ ನುಗ್ಗಿ ಊರು ಲೂಟಿ ಮಾಡಿದರು. ಆಮೇಲೆ ಸ್ಪೇನಿನವರಿಗೆ ಬುದ್ಧಿ ಬಂದು 1672ರಲ್ಲಿ ಕಲ್ಲಿನ ಕೋಟೆ ಶುರು ಮಾಡಿ 1695ರಲ್ಲಿ ಮುಗಿಸಿದರು. 1702ರಲ್ಲಿ ಇಂಗ್ಲಿಷರ ವಸಾಹತಾಗಿದ್ದ ಕ್ಯಾರೊಲೈನಾದ ಗವರ್ನರ್ ಜೇಮ್ಸ್ ಮೂರ್ ಬಂದು ಮುತ್ತಿಗೆ ಹಾಕಿದ. ಊರಿನ ಜನ ಸಾವಿರಕ್ಕೂ ಮಿಕ್ಕಿ ಕೋಟೆಯೊಳಗೆ ಸೇರಿಕೊಂಡರು, ಸುಮಾರು ಎರಡು ತಿಂಗಳು. ಫಿರಂಗಿ ಗುಂಡು ಹೊಡೆದರೆ ಗೋಡೆ ಬಿರಿಯಲೇ ಇಲ್ಲ. ಚಿಪ್ಪಿನ ಕಲ್ಲಿನ ಒಳಗೆಲ್ಲ ಸಣ್ಣ ಸಣ್ಣ ತೂತು. ಗುಂಡು ಬಿದ್ದ ಜಾಗ ಅಷ್ಟೇ ನುಗ್ಗಾಗಿ ಒಳಗೆ ಕುಸಿಯುತ್ತಿತ್ತು, ಬಿರುಕು ಮುಂದಕ್ಕೆ ಹರಿಯುತ್ತಿರಲಿಲ್ಲ. ಮೂರ್ ಹೋಗುವಾಗ ಊರಿಗೆಲ್ಲ ಬೆಂಕಿ ಇಟ್ಟು ಹೋದ, ಕೋಟೆ ಹಾಗೇ ನಿಂತಿತು. 1740ರಲ್ಲಿ ಜಾರ್ಜಿಯಾದ ಓಗಲ್‌ಥಾರ್ಪ್ ಬಂದ, ಅವನಿಗೂ ಆಗಲಿಲ್ಲ. ಇವತ್ತಿನವರೆಗೂ ಆ ಕೋಟೆಯನ್ನು ಯಾರೂ ಯುದ್ಧ ಮಾಡಿ ಗೆದ್ದಿಲ್ಲ. ಕೈ ಬದಲಾದದ್ದೆಲ್ಲ ಹೋರಾಟವಿಲ್ಲದೆ, ಹೆಚ್ಚಾಗಿ ಒಪ್ಪಂದದ ಮೇಲೆ. 1763ರಲ್ಲಿ ಬ್ರಿಟಿಷರಿಗೆ, 1783ರಲ್ಲಿ ಮತ್ತೆ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ.

ನಮ್ಮ ದುರ್ಗದ ಬಂಡೆಯಲ್ಲಿ ಕಲ್ಲು ಸೀಳಲು ಸಾಲಾಗಿ ಕೊರೆದ ಅಣಿ ಗುರುತು ಇವೆಯಲ್ಲ, ಅದನ್ನು ಮುಟ್ಟಿ ನೋಡಿದವರು ಈ ಚಿಪ್ಪಿನ ಗೋಡೆಯ ಮುಂದೆ ನಿಂತರೆ ಬೇರೆಯೇ ಲೋಕ ಅನಿಸುತ್ತದೆ. ಇಲ್ಲಿ ಕಲ್ಲು ಎಷ್ಟು ಗಟ್ಟಿಯೋ ಅಷ್ಟು ಕೋಟೆ ಗಟ್ಟಿ. ಅಲ್ಲಿ ಕಲ್ಲು ಮೆತ್ತಗಿದ್ದದ್ದಕ್ಕೇ ಕೋಟೆ ಉಳಿದಿದೆ. ಆದರೆ ಅಲ್ಲಿ ಗೋಡೆ ಮುಟ್ಟುವುದು, ಹತ್ತುವುದು ಮಾಡಬೇಡಿ. ಉಗುರು ತಾಗಿದರೂ ಉದುರುತ್ತದೆ.

ಅಮ್ಮನಿಗೆ ಕೆಳಗಿನ ಅಂಗಳ, ಸುತ್ತಲಿನ ಕೋಣೆಗಳು ಎಲ್ಲ ಸಮತಟ್ಟು. ಮೇಲೆ ಫಿರಂಗಿ ಇಟ್ಟ ಜಾಗಕ್ಕೆ ಮಾತ್ರ ಮೆಟ್ಟಿಲು.

ಊರೊಳಗೆ ಸೇಂಟ್ ಜಾರ್ಜ್ ರಸ್ತೆ ಪೂರ್ತಿ ಅಂಗಡಿ ಸಾಲು, ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಫೌಂಟನ್ ಆಫ್ ಯೂತ್ ಅಂತ ಒಂದು ಜಾಗವಿದೆ. ಮುಪ್ಪು ಓಡಿಸುವ ನೀರು ಅಂತ ಕುಡಿಸುತ್ತಾರೆ. ಆ ಕಥೆಗೆ ಆಧಾರವಿಲ್ಲ. ಆದರೆ ಅದೇ ಆವರಣದಲ್ಲಿ 1565ರ ಮೊದಲ ಬಿಡಾರದ ಗುರುತುಗಳು ಉತ್ಖನನದಲ್ಲಿ ಸಿಕ್ಕಿವೆ, ಅದಂತೂ ನಿಜ. ದಕ್ಷಿಣಕ್ಕೆ ಇನ್ನೊಂದು ಸಣ್ಣ ಕೋಟೆ, ಮತಾನ್ಸಾಸ್. ಪಾರ್ಕಿನವರೇ ದೋಣಿಯಲ್ಲಿ ಉಚಿತವಾಗಿ ಕರೆದುಕೊಂಡು ಹೋಗುತ್ತಾರೆ. ಒಂದು ಗಂಟೆ ಸಾಕು.

ಚೌಕಿಪೇಟೆ, ದಾವಣಗೆರೆ

ನನ್ನ ಅಭಿಪ್ರಾಯ ಬೇರೆ. ವಯಸ್ಸಾದವರು, ಅಷ್ಟು ದೂರ ಹೋಗುತ್ತಿದ್ದಾರೆ. ಮೊದಲು ವಾಷಿಂಗ್ಟನ್ ತೋರಿಸಿ. ಅಲ್ಲಿನ ಮ್ಯೂಸಿಯಂಗಳು ದೊಡ್ಡವು, ಬಹಳಷ್ಟಕ್ಕೆ ಟಿಕೆಟ್ಟೂ ಇಲ್ಲ. ನಮ್ಮ ಕಡೆ ಕೋಟೆಗಳಿಗೆ ಏನು ಕಮ್ಮಿ? ದುರ್ಗ ಇದೆ, ಉಚ್ಚಂಗಿದುರ್ಗ ಇದೆ. ಏಳು ಸುತ್ತಿನ ಕೋಟೆ ನೋಡಿದ ಕಣ್ಣಿಗೆ ಅಲ್ಲಿನ ನಾಲ್ಕು ಗೋಡೆ ಏನು ದೊಡ್ಡದು ಹೇಳಿ.

ಗಾರೆಗೋಡೆ, ಚಿತ್ರದುರ್ಗ

ಚೌಕಿಪೇಟೆಯವರೇ, ದೊಡ್ಡದು ಚಿಕ್ಕದು ಅಂತ ಅಳೆದರೆ ದುರ್ಗದ ಮುಂದೆ ಅಲ್ಲಿನ ಯಾವ ಕೋಟೆಯೂ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಇತಿಹಾಸದ ಮೇಷ್ಟ್ರಿಗೆ ಬೇಕಾದದ್ದು ಅದಲ್ಲ ಅಲ್ವಾ? ಕೋಟೆ ಅನ್ನುವುದೇ ಯಾವಾಗ ಕೆಲಸಕ್ಕೆ ಬಾರದೆ ಹೋಯಿತು ಅನ್ನುವುದು ಕಣ್ಣಿಗೆ ಕಾಣುವ ಜಾಗ ಅದೇ ತೀರದಲ್ಲಿದೆ. ನಾನು ಸಿವಿಲ್ ಇಂಜಿನಿಯರ್. ತಮ್ಮ ಸವಾನಾದಲ್ಲಿದ್ದಾನೆ. ಅಲ್ಲಿಗೆ ಹೋದಾಗೆಲ್ಲ ನಾನು ತಪ್ಪದೆ ನೋಡುವುದು ಪುಲಾಸ್ಕಿ ಕೋಟೆ.

ಜಾಕ್ಸನ್‌ವಿಲ್‌ನಿಂದ ಉತ್ತರಕ್ಕೆ ಎರಡು ಎರಡೂವರೆ ಗಂಟೆ ದಾರಿ. ಸವಾನಾ ನದಿ ಸಮುದ್ರ ಸೇರುವ ಕಡೆ ಕಾಕ್‌ಸ್ಪರ್ ಅನ್ನುವ ಕೆಸರು ದ್ವೀಪ. ಅಲ್ಲಿ ಅಡಿಪಾಯಕ್ಕೆ ಗಟ್ಟಿ ನೆಲವೇ ಇಲ್ಲ. ಮರದ ಕಂಬಗಳನ್ನು 70 ಅಡಿ ಆಳದವರೆಗೂ ಕೆಸರಿಗೆ ಇಳಿಸಿ ಅದರ ಮೇಲೆ ಕಟ್ಟಿದ್ದಾರೆ. 1829ರಲ್ಲಿ ಶುರು ಮಾಡಿ 1847ರಲ್ಲಿ ಮುಗಿಸಿದರು. ಸುಮಾರು 2.5 ಕೋಟಿ ಇಟ್ಟಿಗೆ. ಗೋಡೆ ಏಳೂವರೆ ಅಡಿ ದಪ್ಪ, ಸುತ್ತಲೂ ನೀರು ತುಂಬಿದ ಕಂದಕ. ಶುರುವಿನಲ್ಲಿ ಅಲ್ಲಿ ಒಡ್ಡು, ಕಾಲುವೆ ಕೆಲಸ ನೋಡಿಕೊಂಡವನು ರಾಬರ್ಟ್ ಇ. ಲೀ, ಆಗ ಈಗಷ್ಟೇ ಓದು ಮುಗಿಸಿ ಬಂದಿದ್ದ ಹುಡುಗ. ಮುಂದೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆಯ ದೊಡ್ಡ ಸೇನಾಪತಿಯಾದ.

ಯುದ್ಧ ಶುರುವಾದಾಗ ಕೋಟೆ ದಕ್ಷಿಣದವರ ಕೈಯಲ್ಲಿತ್ತು. ಎದುರಿನ ಟೈಬೀ ದ್ವೀಪಕ್ಕೆ ಉತ್ತರದ ಸೈನ್ಯ ಬಂದು ಇಳಿಯಿತು. ಮಧ್ಯೆ ಒಂದು ಮೈಲಿಗೂ ಜಾಸ್ತಿ ನೀರು, ಕೆಸರು. ಕೋಟೆಯವರು ನಿಶ್ಚಿಂತೆಯಿಂದಿದ್ದರು. ಅದುವರೆಗಿನ ಫಿರಂಗಿ ಅಷ್ಟು ದೂರದಿಂದ ಅಂಥ ಗೋಡೆಗೆ ಏನೂ ಮಾಡುತ್ತಿರಲಿಲ್ಲ. ಆದರೆ ಗಿಲ್ಮೋರ್ ಅನ್ನುವ ಉತ್ತರದ ಇಂಜಿನಿಯರ್ ಹೊಸ ಬಗೆಯ ಫಿರಂಗಿ ತಂದಿದ್ದ. ಅದರ ನಳಿಗೆಯ ಒಳಗೆ ಸುರುಳಿ ಗೀರು ಕೊರೆದಿರುತ್ತಾರೆ. ಗುಂಡು ದುಂಡಗಿಲ್ಲ, ಮೂತಿ ಚೂಪಾಗಿ ಉದ್ದಕ್ಕಿರುತ್ತದೆ, ಗಿರಗಿರ ತಿರುಗಿಕೊಂಡು ಹೋಗಿ ಹೇಳಿದ ಜಾಗಕ್ಕೇ ಬೀಳುತ್ತದೆ, ಗೋಡೆಯನ್ನು ಕೊರೆದು ಒಳಗೆ ನುಗ್ಗುತ್ತದೆ. 1862ರ ಏಪ್ರಿಲ್ 10ರ ಬೆಳಗ್ಗೆ ಹೊಡೆಯಲು ಶುರು ಮಾಡಿದರು. ಮೂವತ್ತು ಗಂಟೆಯಲ್ಲಿ ಮುಗಿಯಿತು. ಆಗ್ನೇಯ ಮೂಲೆ ಬಾಯಿ ಬಿಟ್ಟಿತು, ಆ ಕಂಡಿಯಿಂದ ಗುಂಡುಗಳು ಅಂಗಳ ದಾಟಿ ಎದುರು ಮೂಲೆಯ ಮದ್ದಿನ ಮನೆಯ ಕಡೆಗೇ ಬರತೊಡಗಿದವು. ಅದಕ್ಕೆ ಬೆಂಕಿ ತಗುಲಿದ್ದರೆ ಒಳಗಿದ್ದವರು ಒಬ್ಬರೂ ಉಳಿಯುತ್ತಿರಲಿಲ್ಲ. ಕರ್ನಲ್ ಓಮ್‌ಸ್ಟೆಡ್, ಇಪ್ಪತ್ತೈದರ ಆಸುಪಾಸಿನ ಯುವಕ, ಬಿಳಿ ಬಾವುಟ ಹಾರಿಸಿದ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಹದಿನೆಂಟು ವರ್ಷ ಕಟ್ಟಿದ್ದು ಎರಡು ಹಗಲಲ್ಲಿ ಹೋಯಿತು. ಅದಾದ ಮೇಲೆ ಜಗತ್ತಿನಲ್ಲಿ ಇಟ್ಟಿಗೆ ಕೋಟೆಯನ್ನು ನಂಬುವವರು ಇಲ್ಲವಾದರು.

ಹೋದಾಗ ಆಗ್ನೇಯ ಮೂಲೆಯನ್ನು ಹೊರಗಿನಿಂದ, ಕಂದಕದ ಆಚೆ ನಿಂತು ನೋಡಲು ಹೇಳಿ. ಒಡೆದ ಜಾಗವನ್ನು ಆಮೇಲೆ ಕೆಂಪು ಇಟ್ಟಿಗೆಯಿಂದ ಮುಚ್ಚಿದ್ದಾರೆ, ಹಳೆ ಗೋಡೆಯ ಬಣ್ಣವೇ ಬೇರೆ. ಎಲ್ಲಿಂದ ಎಲ್ಲಿಯವರೆಗೆ ಬಿದ್ದಿತ್ತು ಅಂತ ಗೆರೆ ಎಳೆದ ಹಾಗೆ ಗೊತ್ತಾಗುತ್ತದೆ. ಪಕ್ಕದ ಗೋಡೆ ತುಂಬ ಗುಳಿಗಳು. ಕೆಲವು ಗುಳಿಯಲ್ಲಿ ಗುಂಡು ಈಗಲೂ ಸಿಕ್ಕಿಕೊಂಡು ಹಾಗೇ ಕೂತಿದೆ, ತುಕ್ಕಿನ ನೀರು ಕೆಳಗೆ ಇಳಿದು ಇಟ್ಟಿಗೆಗೆ ಕಲೆ ಮಾಡಿದೆ. ನಾನು ಓದಿದ ಯಾವ ಪುಸ್ತಕವೂ ಆ ಗೋಡೆಯಷ್ಟು ಚೆನ್ನಾಗಿ ಹೇಳಿಲ್ಲ. ಮೊದಲು ಜೋಗಿಮಟ್ಟಿಯವರು ಹೇಳಿದ ಚಿಪ್ಪಿನ ಗೋಡೆ, ಆಮೇಲೆ ಈ ಇಟ್ಟಿಗೆ ಗೋಡೆ. ಈ ಕ್ರಮದಲ್ಲೇ ನೋಡಿದರೆ ಅಪ್ಪನಿಗೆ ಪಾಠ ತಾನಾಗೇ ಜೋಡಿಸಿಕೊಳ್ಳುತ್ತದೆ.

ಇನ್ನೊಂದು ಸಂಗತಿ. ಹೈದರಾಲಿ ದುರ್ಗ ಹಿಡಿದು ಮದಕರಿ ನಾಯಕರನ್ನು ಸೆರೆ ಒಯ್ದದ್ದು 1779ರಲ್ಲಿ. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸವಾನಾಕ್ಕೂ ಮುತ್ತಿಗೆ ನಡೆಯಿತು. ಒಳಗೆ ಬ್ರಿಟಿಷರು, ಹೊರಗೆ ಅಮೆರಿಕನ್ನರು ಮತ್ತು ಫ್ರೆಂಚರು. ಫ್ರೆಂಚ್ ಪಡೆಯ ದಂಡನಾಯಕ ದೆಸ್ತಾಂಗ್, ಅದಕ್ಕೆ ಇಪ್ಪತ್ತು ವರ್ಷ ಮೊದಲು ಮದ್ರಾಸಿನ ಮುತ್ತಿಗೆಯಲ್ಲಿ ಬ್ರಿಟಿಷರ ಕೈಗೆ ಸೆರೆ ಸಿಕ್ಕಿದ್ದವನು. ಅವನ ಜೊತೆ ಈಗಿನ ಹೈಟಿಯಿಂದ ಬಂದ ನೂರಾರು ಕರಿಯ ಸೈನಿಕರಿದ್ದರು, ಅವರ ಸ್ಮಾರಕ ಸವಾನಾದ ಫ್ರಾಂಕ್ಲಿನ್ ಚೌಕದಲ್ಲಿದೆ. ಮುತ್ತಿಗೆ ಸೋತಿತು. ಪೋಲೆಂಡಿನಿಂದ ಬಂದು ಅಮೆರಿಕದ ಪರ ಹೋರಾಡುತ್ತಿದ್ದ ಪುಲಾಸ್ಕಿ ಅಲ್ಲೇ ಗಾಯಗೊಂಡು ತೀರಿಕೊಂಡ, ಕೋಟೆಗೆ ಅವನದೇ ಹೆಸರು. ಮರುವರ್ಷ ಚಾರ್ಲ್ಸ್‌ಟನ್ ಬ್ರಿಟಿಷರ ಕೈಗೆ ಬಿತ್ತು. ಆಮೇಲೆ ದಕ್ಷಿಣದ ದಂಡು ನೋಡಿಕೊಳ್ಳಲು ನಿಂತವನು ಯಾರು ಗೊತ್ತಾ? ಕಾರ್ನ್‌ವಾಲಿಸ್. ಅಲ್ಲಿ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದವನೇ ಇಲ್ಲಿ 1791ರಲ್ಲಿ ಬೆಂಗಳೂರು ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆ ತೆಗೆದುಕೊಂಡ. ಇದನ್ನು ಕೇಳಿದರೆ ನಿಮ್ಮ ಅಪ್ಪ ಇವತ್ತೇ ಸೂಟ್‌ಕೇಸ್ ತುಂಬುತ್ತಾರೆ.

ಸವಾನಾ ಊರೂ ಚೆಂದ. 1733ರಲ್ಲಿ ಓಗಲ್‌ಥಾರ್ಪ್ ಹಾಕಿದ ನಕ್ಷೆ, ಮಧ್ಯೆ ಮಧ್ಯೆ ಮರ ತುಂಬಿದ ಚೌಕಗಳು, ಒಟ್ಟು 22 ಉಳಿದಿವೆ. ಬೆಂಚುಗಳಿವೆ, ಅಮ್ಮ ಅಲ್ಲಲ್ಲಿ ಕೂತುಕೊಂಡು ನಿಧಾನಕ್ಕೆ ನಡೆಯಬಹುದು. 1954ರಲ್ಲಿ ಅಲ್ಲಿನ ಹಳೆ ಸಿಟಿ ಮಾರ್ಕೆಟ್ ಕೆಡವಿ ಕಾರ್ ನಿಲ್ಲಿಸುವ ಕಟ್ಟಡ ಕಟ್ಟಿದರು. ಅದರ ಬೆನ್ನಿಗೇ ಡೇವನ್‌ಪೋರ್ಟ್ ಮನೆಯನ್ನೂ ಕೆಡವಲು ಹೊರಟಾಗ ಏಳು ಜನ ಹೆಂಗಸರು ಸೇರಿ ದುಡ್ಡು ಕೂಡಿಸಿ ಆ ಮನೆ ಕೊಂಡರು. ಅಲ್ಲಿಂದ ಶುರುವಾಗಿ ಇಡೀ ಹಳೆ ಊರು ಉಳಿಯಿತು. ನಮ್ಮೂರಿನ ಹಳೆ ಮನೆಗಳು ಒಂದೊಂದಾಗಿ ಕಾಂಪ್ಲೆಕ್ಸ್ ಆಗುವುದನ್ನು ನೋಡುತ್ತಿರುವ ನನಗೆ ಆ ಮನೆಯ ಮುಂದೆ ನಿಂತಾಗ ಹೊಟ್ಟೆ ಉರಿಯುತ್ತದೆ.

ಭದ್ರಾನಾಲೆ, ದಾವಣಗೆರೆ

ಕಾರ್ನ್‌ವಾಲಿಸ್ ವಿಷಯ ಅಪ್ಪನಿಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಮೊಬೈಲ್ ಅವರೇ ಕಿತ್ತುಕೊಂಡರು. ಈಗ ಅಟ್ಲಾಸ್ ತೆಗೆದು ಕೂತಿದ್ದಾರೆ. ಚಾರ್ಲ್ಸ್‌ಟನ್‌ಗೂ ಹೋಗಬೇಕು ಅನ್ನುತ್ತಿದ್ದಾರೆ. ಅಲ್ಲಿ ಸಮ್ಟರ್ ಕೋಟೆ ಇದೆಯಲ್ಲ, ಅಂತರ್ಯುದ್ಧ ಶುರುವಾದದ್ದು ಅಲ್ಲಿಯೇ ತಾನೇ? ಯಾರಾದರೂ ನೋಡಿದ್ದೀರಾ?

ಚಂದ್ರವಳ್ಳಿ, ಚಿತ್ರದುರ್ಗ

ನೋಡಿದ್ದೇನೆ. ಮಗಳು ಅಲ್ಲಿ ಓದುತ್ತಿದ್ದಳು. ಸವಾನಾದಿಂದ ಇನ್ನೆರಡು ಗಂಟೆ ಉತ್ತರಕ್ಕೆ. ಹೌದು, 1861ರ ಏಪ್ರಿಲ್ 12ರ ಬೆಳಗಿನ ಜಾವ ದಕ್ಷಿಣದವರು ಸಮ್ಟರ್ ಮೇಲೆ ಗುಂಡು ಹಾರಿಸಿದ್ದೇ ಯುದ್ಧದ ಶುರು. ಬಂದರಿನ ಬಾಯಲ್ಲಿ ನೀರಿನ ಮಧ್ಯೆ ಇದೆ, ಅರ್ಧ ಗಂಟೆ ದೋಣಿ ಪ್ರಯಾಣ. ಮೂರಂತಸ್ತಿನ ಕೋಟೆ ಯುದ್ಧದಲ್ಲಿ ಜಜ್ಜಿಹೋಗಿ ಈಗ ಹೆಚ್ಚುಕಮ್ಮಿ ಒಂದಂತಸ್ತು ಉಳಿದಿದೆ. ಹೆಸರು ದೊಡ್ಡದು, ದೋಣಿಯಿಂದ ಬಂದರು ನೋಡುವುದು ಚೆಂದ, ಆದರೆ ನನ್ನನ್ನು ಕೇಳಿದರೆ ಎದುರಿನ ಸಲಿವನ್ ದ್ವೀಪದ ಮೌಲ್ಟ್ರಿ ಕೋಟೆ ಹೆಚ್ಚು. ಕಾರಿನಲ್ಲೇ ಹೋಗಬಹುದು. 1776ರ ಜೂನ್ 28ರಂದು, ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಆರು ದಿನ ಇರುವಾಗ, ಬ್ರಿಟಿಷ್ ಹಡಗುಗಳು ಬಂದು ಹೊಡೆದವು. ಆಗ ಆ ಕೋಟೆ ಪಾಲ್ಮೆಟೊ ಅನ್ನುವ ತಾಳೆ ಜಾತಿಯ ಮರದ ದಿಮ್ಮಿ ಮತ್ತು ಮರಳಿನದು, ಕೆಲಸವೂ ಪೂರ್ತಿ ಮುಗಿದಿರಲಿಲ್ಲ. ಮರ ನಾರು ನಾರಾಗಿ ಮೆತ್ತಗಿತ್ತು, ಗುಂಡು ಒಳಗೇ ಹೂತುಹೋಯಿತು. ಚಿಪ್ಪಿನ ಕಲ್ಲಿನ ಕಥೆಯೇ ಇಲ್ಲಿ ಮರದಲ್ಲಿ. ಸೌತ್ ಕ್ಯಾರೊಲೈನಾದ ಬಾವುಟದಲ್ಲಿ ಇವತ್ತಿಗೂ ಆ ಮರವಿದೆ.

ಆದರೆ ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಇಲ್ಲಿಯವರೆಗೆ ಎಲ್ಲರೂ ಗೋಡೆ, ಗುಂಡು, ದಂಡನಾಯಕರ ಬಗ್ಗೆ ಬರೆದಿದ್ದೀರಿ. ದುರ್ಗದಲ್ಲಿ ನಾವು ಮಕ್ಕಳಿಗೆ ಮೊದಲು ಹೇಳುವುದು ಯಾರ ಕಥೆ? ನಾಯಕರದ್ದಲ್ಲ, ಕಾವಲುಗಾರನ ಹೆಂಡತಿ ಓಬವ್ವನದು. ಆ ಕಡಲ ತೀರದಲ್ಲೂ ಅಂಥವರನ್ನು ಹುಡುಕಿಕೊಂಡೇ ಹೋಗಬೇಕು. ಇಲ್ಲದಿದ್ದರೆ ಅರ್ಧ ನೋಡಿದಂತೆ.

ಉತ್ತರ ಅಮೆರಿಕಕ್ಕೆ ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಸುಮಾರು 40 ಶೇಕಡಾ ಜನ ಕಾಲಿಟ್ಟದ್ದು ಚಾರ್ಲ್ಸ್‌ಟನ್ ಬಂದರಿನಲ್ಲಿ ಅಂತ ಅಂದಾಜು. ಗ್ಯಾಡ್ಸ್‌ಡನ್ ಕಟ್ಟೆ ಅನ್ನುವ ಜಾಗದಲ್ಲಿ ಹಡಗು ನಿಲ್ಲುತ್ತಿತ್ತು. ಅದೇ ಜಾಗದಲ್ಲಿ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂ ತೆರೆದಿದ್ದಾರೆ. ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ ಕೆಳಗಿನ ನೆಲವನ್ನು ಖಾಲಿ ಬಿಟ್ಟಿದ್ದಾರೆ. ಚಾಲ್ಮರ್ಸ್ ಬೀದಿಯಲ್ಲಿ ಜನರನ್ನು ಹರಾಜು ಹಾಕುತ್ತಿದ್ದ 1859ರ ಕಟ್ಟಡ ಈಗ ಮ್ಯೂಸಿಯಂ. ಊರಿನ ಹಳೆ ಇಟ್ಟಿಗೆ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಕೆಲವು ಇಟ್ಟಿಗೆಯಲ್ಲಿ ಬೆರಳಿನ ಗುಳಿ ಕಾಣುತ್ತದೆ. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದು ತಿರುಗಿಸಿಟ್ಟವರ ಬೆರಳು. ಕೆಲವು ತೀರಾ ಸಣ್ಣವು, ಮಕ್ಕಳದು. ನಾನು ನನ್ನ ಕಿರುಬೆರಳು ಇಟ್ಟು ನೋಡಿದೆ, ಅದೂ ಒಳಗೆ ಹೋಗಲಿಲ್ಲ. ಅಲ್ಲಿಂದ ಮುಂದೆ ಮಗಳ ಜೊತೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಅದೇ ಬಂದರಿನಿಂದ 1862ರ ಮೇ 13ರ ಬೆಳಗಿನ ಜಾವ ರಾಬರ್ಟ್ ಸ್ಮಾಲ್ಸ್ ಅನ್ನುವ ಗುಲಾಮ ದಕ್ಷಿಣದವರ ಪ್ಲಾಂಟರ್ ಅನ್ನುವ ಹಡಗನ್ನೇ ಓಡಿಸಿಕೊಂಡು ಹೋದ. ಬಿಳಿಯ ಅಧಿಕಾರಿಗಳು ದಡಕ್ಕೆ ಇಳಿದಿದ್ದರು. ಇವನು ಕ್ಯಾಪ್ಟನ್‌ನ ಟೋಪಿ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು, ಸಮ್ಟರ್ ಕೋಟೆಯ ಮುಂದೆಯೇ ಸರಿಯಾದ ಸೀಟಿ ಸಂಕೇತ ಕೊಟ್ಟು ದಾಟಿ, ಉತ್ತರದ ಹಡಗುಗಳನ್ನು ಸೇರಿಕೊಂಡ. ಮುಂದೆ ಅಮೆರಿಕದ ಸಂಸತ್ತಿಗೆ ಆರಿಸಿಬಂದ. ಅವನು ಹುಟ್ಟಿದ ಬ್ಯೂಫರ್ಟ್ ಸವಾನಾಕ್ಕೂ ಚಾರ್ಲ್ಸ್‌ಟನ್‌ಗೂ ಮಧ್ಯೆ ಸಿಗುತ್ತದೆ. ಗುಲಾಮಗಿರಿಯಲ್ಲಿದ್ದ ಅದೇ ಊರಿನ ಮನೆಯನ್ನು ಆಮೇಲೆ ಅವನೇ ಕೊಂಡುಕೊಂಡ. ಆ ಮನೆ ಇನ್ನೂ ಇದೆ, ರಸ್ತೆಯಿಂದ ನೋಡಬಹುದು.

ಜೋಗಿಮಟ್ಟಿಯವರು ಸೇಂಟ್ ಅಗಸ್ಟೀನ್ ಬಗ್ಗೆ ಇಷ್ಟು ಚೆನ್ನಾಗಿ ಬರೆದು ಮೋಸೆ ಕೋಟೆಯನ್ನು ಬಿಟ್ಟಿದ್ದಾರೆ. ಊರಿನಿಂದ ಉತ್ತರಕ್ಕೆ ಎರಡೇ ಮೈಲಿ. ಕ್ಯಾರೊಲೈನಾದ ತೋಟಗಳಿಂದ ಓಡಿಬಂದ ಗುಲಾಮರಿಗೆ ಸ್ಪೇನಿನವರು ಸ್ವಾತಂತ್ರ್ಯ ಕೊಟ್ಟು 1738ರಲ್ಲಿ ಅಲ್ಲಿ ಊರು ಕಟ್ಟಿಸಿದರು. ಧರ್ಮ ಬದಲಾಯಿಸಬೇಕು, ಗಡಿ ಕಾಯಬೇಕು ಅಂತ ಷರತ್ತಿತ್ತು, ಅದು ಬೇರೆ ಮಾತು. ಆದರೂ ಈಗಿನ ಅಮೆರಿಕದ ನೆಲದಲ್ಲಿ ಕಾನೂನಿನ ಪ್ರಕಾರ ಸ್ವತಂತ್ರರಾದ ಕರಿಯರ ಮೊದಲ ಊರು ಅದು. ಅವರ ನಾಯಕ ಫ್ರಾನ್ಸಿಸ್ಕೊ ಮೆನೆಂಡೆಸ್, ತಾನೂ ಓಡಿಬಂದವನೇ. 1740ರ ಮುತ್ತಿಗೆಯಲ್ಲಿ ಓಗಲ್‌ಥಾರ್ಪ್‌ನ ಕಡೆಯವರ ಕೈಗೆ ಹೋಗಿದ್ದ ಮೋಸೆಯನ್ನು ಸ್ಪೇನಿನ ಸೈನಿಕರ ಜೊತೆ ನಿಂತು ಇವರೇ ವಾಪಸ್ ಗೆದ್ದರು. ಮುತ್ತಿಗೆ ಮುರಿದದ್ದರಲ್ಲಿ ಆ ಗೆಲುವಿನ ಪಾಲು ದೊಡ್ಡದು. ಚಿಪ್ಪಿನ ಗೋಡೆ ಒಂದೇ ಊರು ಉಳಿಸಲಿಲ್ಲ. ಹಳೆ ಕೋಟೆ ಈಗ ಜೌಗಿನಲ್ಲಿ ಮುಳುಗಿದೆ. ಪಕ್ಕದಲ್ಲಿ ಮ್ಯೂಸಿಯಂ ಇದೆ, ಮರದ ಹಲಗೆಯ ದಾರಿಯಲ್ಲಿ ನಡೆದು ಆ ಜಾಗದ ಕಡೆ ನೋಡಬಹುದು. ಅಮ್ಮನಿಗೂ ಸುಲಭ.

ಚಿಪ್ಪಿನ ಕೋಟೆಯ ಒಳಗೂ ನೋವಿನ ಕಥೆ ಇದೆ. ಸೆಮಿನೋಲ್ ಜನರ ನಾಯಕ ಆಸಿಯೋಲಾನನ್ನು 1837ರಲ್ಲಿ ಸಂಧಾನದ ಬಿಳಿ ಬಾವುಟದ ಕೆಳಗೇ ಹಿಡಿದು ಅಲ್ಲಿ ಕೂಡಿಹಾಕಿದರು. ಆಮೇಲೆ ಮೌಲ್ಟ್ರಿ ಕೋಟೆಗೆ ಸಾಗಿಸಿದರು, 1838ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ. ಮೌಲ್ಟ್ರಿಯ ಬಾಗಿಲ ಹತ್ತಿರ ಅವನ ಸಮಾಧಿ ಇದೆ. 1875ರಿಂದ ಮೂರು ವರ್ಷ ಪಶ್ಚಿಮದ ಬಯಲಿನ ಮೂಲನಿವಾಸಿಗಳನ್ನು ಆ ಚಿಪ್ಪಿನ ಕೋಣೆಗಳಲ್ಲೇ ಸೆರೆ ಇಟ್ಟರು. ಅವರು ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಬಣ್ಣದ ಚಿತ್ರ ಬರೆದರು, ಕುದುರೆ, ಬೇಟೆ, ಊರಿನ ಹಬ್ಬ. ಅಪ್ಪನಿಗೆ ಹೋಗುವ ಮೊದಲೇ ಅವನ್ನು ಇಂಟರ್‌ನೆಟ್ಟಿನಲ್ಲಿ ತೋರಿಸಿ. ಆಮೇಲೆ ಆ ಕೋಣೆಯೊಳಗೆ ಕಾಲಿಟ್ಟರೆ ಅದು ಖಾಲಿ ಅನಿಸುವುದಿಲ್ಲ.

ಚೌಕಿಪೇಟೆ, ದಾವಣಗೆರೆ

ಚಂದ್ರವಳ್ಳಿಯವರೇ, ಇಟ್ಟಿಗೆಯ ಬೆರಳಿನ ಮಾತು ಓದಿ ಮನಸ್ಸು ಭಾರವಾಯಿತು. ವಾಷಿಂಗ್ಟನ್ ಇನ್ನೊಂದು ಸಲ ಆಗಲಿ ಬಿಡಿ. ಜಾಕ್ಸನ್‌ವಿಲ್ ಊರಲ್ಲೇ ಇಂಥದ್ದು ಏನಾದರೂ ಇದೆಯಾ? ದಿನಾ ದೂರ ಹೋಗೋಕೆ ಆಗಲ್ಲ ಅಲ್ವಾ.

ಜೋಗಿಮಟ್ಟಿ, ಚಿತ್ರದುರ್ಗ

ಮೋಸೆ ಹೆಸರು ಹೇಳಿದ್ದು ತುಂಬಾ ಒಳ್ಳೆಯದಾಯಿತು ಮೇಡಂ, ಅದಿಲ್ಲದೆ 1740ರ ಮಾತು ಪೂರ್ತಿಯಾಗುವುದಿಲ್ಲ.

ಜಾಕ್ಸನ್‌ವಿಲ್ ಒಳಗೇ ಇದೆ. ಫೋರ್ಟ್ ಜಾರ್ಜ್ ದ್ವೀಪದಲ್ಲಿ ಕಿಂಗ್ಸ್‌ಲಿ ತೋಟ. ಟಿಕೆಟ್ ಇಲ್ಲ. ಮಾಲೀಕನ ಮರದ ಮನೆ ನದಿ ಕಡೆ, 1798ರ ಸುಮಾರಿನದು. ಅದರಿಂದ ದೂರಕ್ಕೆ ಗುಲಾಮರ ಗುಡಿಸಲುಗಳ ಗೋಡೆಗಳು ಅರ್ಧಚಂದ್ರದ ಹಾಗೆ ಸಾಲಾಗಿ ನಿಂತಿವೆ. ಅವು ಟ್ಯಾಬಿಯಲ್ಲಿ ಕಟ್ಟಿದವು. ಸಿಂಪಿ ಚಿಪ್ಪು ಸುಟ್ಟು ಸುಣ್ಣ ಮಾಡಿ, ಅದಕ್ಕೆ ಮರಳು, ನೀರು, ಇಡೀ ಇಡೀ ಚಿಪ್ಪು ಕಲಸಿ, ಹಲಗೆಯ ಅಚ್ಚಿಗೆ ಸುರಿದು ಗೋಡೆ ಎಬ್ಬಿಸುತ್ತಿದ್ದರು. ಮಾಲೀಕನ ಹೆಂಡತಿ ಆನಾ, ಸೆನೆಗಲ್‌ನಿಂದ ಗುಲಾಮಳಾಗಿ ಬಂದವಳು. 1811ರಲ್ಲಿ ಬಿಡುಗಡೆಯಾದಳು, ಮುಂದೆ ತಾನೇ ಜಮೀನಿನ ಒಡತಿಯಾದಳು, ಅವಳ ಕೈಕೆಳಗೂ ಗುಲಾಮರಿದ್ದರು. ಒಂದೇ ಮಾತಿನಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಹೇಳಲಾಗದ ಬದುಕು ಅದು. ಮೇಷ್ಟ್ರ ಜೊತೆ ಕೂತು ಮಾತಾಡಬೇಕಾದ ವಿಷಯ.

ಅಲ್ಲೇ ಇನ್ನೊಂದು ಕಡೆ ಫೋರ್ಟ್ ಕ್ಯಾರೊಲೈನ್ ಅಂತ ಬೋರ್ಡ್ ನೋಡುತ್ತೀರಿ. ಫ್ರೆಂಚರು 1564ರಲ್ಲಿ ಕಟ್ಟಿದ್ದ ಕೋಟೆಯ ನೆನಪಿಗೆ ಮಾಡಿದ ಜಾಗ. ಮೂಲ ಕೋಟೆ ಎಲ್ಲಿತ್ತು ಅಂತ ಇನ್ನೂ ಸಿಕ್ಕಿಲ್ಲ. ಆ ಫ್ರೆಂಚರನ್ನು ಓಡಿಸಲೆಂದೇ ಮೆನೆಂಡೆಸ್ ಬಂದು ಸೇಂಟ್ ಅಗಸ್ಟೀನ್ ಕಟ್ಟಿದ್ದು.

ಗಾರೆಗೋಡೆ, ಚಿತ್ರದುರ್ಗ

ಹೊರಡುವ ಮೊದಲು ಕೆಲವು ಕೆಲಸದ ಮಾತು. ಚಂಡಮಾರುತದ ಕಾಲ ನವೆಂಬರ್ 30ರವರೆಗೆ. ಹಾಗಾಗಿ ಹೋಟೆಲ್ ಬುಕ್ ಮಾಡುವಾಗ ರದ್ದು ಮಾಡಲು ಆಗುವಂಥದ್ದೇ ಮಾಡಿ, ಹೊರಡುವ ದಿನ ಬೆಳಗ್ಗೆ ಪಾರ್ಕ್ ತೆರೆದಿದೆಯಾ ಅಂತ ಅವರ ವೆಬ್‌ಸೈಟ್ ನೋಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಹಿರಿಯರಿಗೆ ರಿಯಾಯಿತಿ ಪಾಸ್ ಇದೆ, ಆದರೆ ಅದು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಅಪ್ಪ ಅಮ್ಮನಿಗೆ ಮಾಮೂಲಿ ಟಿಕೆಟ್ಟೇ. ಸಮ್ಟರ್ ದೋಣಿಯ ಟಿಕೆಟ್ ಮೊದಲೇ ತೆಗೆದಿಡಿ.

ಪುಲಾಸ್ಕಿಯಲ್ಲಿ ಕೆಳಗಿನ ಅಂತಸ್ತು ಅಮ್ಮನಿಗೆ ತೊಂದರೆ ಇಲ್ಲ. ಮೇಲಕ್ಕೆ ಹೋಗುವುದು ಸುರುಳಿ ಮೆಟ್ಟಿಲು, ಕಿರಿದು, ಅದು ಬೇಡ. ಹತ್ತಿರದ ಟೈಬೀ ದೀಪಸ್ತಂಭಕ್ಕೆ 178 ಮೆಟ್ಟಿಲು, ಅಪ್ಪನಿಗೆ ಉತ್ಸಾಹ ಇದ್ದರೆ ಹತ್ತಲಿ, ಅಮ್ಮ ಕೆಳಗೆ ನೆರಳಲ್ಲಿ ಕೂರಲಿ. ಜೌಗಿನ ಹತ್ತಿರ ಸಂಜೆ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತವೆ, ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ.

ಸವಾನಾದಲ್ಲಿ ಟೇಲರ್ ಚೌಕ ಅಂತ ಒಂದಿದೆ, ಅದನ್ನೂ ಅಮ್ಮನಿಗೆ ತೋರಿಸಿ. ಸೂಸಿ ಕಿಂಗ್ ಟೇಲರ್ ಅನ್ನುವವಳ ಹೆಸರು ಅದಕ್ಕೆ, 2023ರಲ್ಲಿ ಇಡಲು ತೀರ್ಮಾನಿಸಿದರು. ಕರಿಯ ಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದಾಗ ಆ ಊರಲ್ಲಿ ಕದ್ದು ಓದು ಕಲಿತಳು. ಪುಲಾಸ್ಕಿ ಬಿದ್ದ ಆ ಏಪ್ರಿಲ್‌ನಲ್ಲೇ ಚಿಕ್ಕಪ್ಪನ ಜೊತೆ ತಪ್ಪಿಸಿಕೊಂಡು ದ್ವೀಪಗಳಿಗೆ ಹೋದಳು. ಹದಿನಾಲ್ಕನೇ ವಯಸ್ಸಿಗೇ ಅಲ್ಲಿ ಮಕ್ಕಳಿಗೆ ಶಾಲೆ ನಡೆಸಿದಳು.

ಭದ್ರಾನಾಲೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಈ ಮಾತುಕತೆ ಪೂರ್ತಿ ಕಳಿಸಿದೆ. ಮೊದಲ ವಾರ ಕಿಂಗ್ಸ್‌ಲಿ ತೋಟ, ಸೇಂಟ್ ಅಗಸ್ಟೀನ್, ಮೋಸೆ. ಆಮೇಲೆ ನವೆಂಬರ್‌ನಲ್ಲಿ ಸವಾನಾ, ಬ್ಯೂಫರ್ಟ್, ಚಾರ್ಲ್ಸ್‌ಟನ್ ಒಟ್ಟಿಗೆ, ನಾಲ್ಕು ದಿನಕ್ಕೆ. ಭಾವ ರಜೆಗೆ ಹಾಕಿದ್ದಾರೆ. ಚಂದ್ರವಳ್ಳಿಯವರೇ, ಬೆರಳಿನ ಗುರುತಿರುವ ಇಟ್ಟಿಗೆ ಸುಲಭವಾಗಿ ಕಾಣುವುದು ಯಾವ ಬೀದಿಯಲ್ಲಿ ಅಂತ ನಿಮ್ಮ ಮಗಳನ್ನು ಕೇಳಿ ಹೇಳುತ್ತೀರಾ? ಅಮ್ಮ ಅದನ್ನೇ ಕೇಳುತ್ತಿದ್ದಾರೆ.